ಅಪ್ರಿಯ ಸತ್ಯ ಯಾರ ಸ್ವತ್ತು?

ಮೂರು ದಶಕಗಳಿಗೂ ಮಿಕ್ಕಿ ಮಕ್ಕಳಿಗೆ ಸತ್ಯವನ್ನೇ ನುಡಿಯಿರೆಂದು ಬೋಧಿಸಿದವರು ನಾವು. ಆದರೆ ನಮ್ಮ ಅಣ್ಣನವರಿಗೆ ಎಂಬತ್ತೊಂದನೆಯ ವಯಸ್ಸಿನಲ್ಲಿ ಅನ್ನನಾಳದ ಕ್ಯಾನ್ಸರ್ ಎಂದು ತಿಳಿದ ದಿನ, ಮನೆಮಂದಿಯನ್ನು ಕೂಡಿಸಿ "ಅವರಿಗೆ ಹೇಳಕೂಡದು, ಬರಿಯ ಹುಣ್ಣೆನ್ನೋಣ" ಎಂದು ವಿಧಿಸಿದವರೂ ನಾವೇ. ಅಪ್ರಿಯವಾದ ಸತ್ಯವನ್ನು ನುಡಿಯಬಾರದೆಂಬ ಹಿರಿಯರ ಮಾತು ನಮ್ಮ ಬೆಂಬಲಕ್ಕಿತ್ತು.

ರೋಗವು ವಾಸಿಯಾಗದಿದ್ದರೂ ರೋಗಿಯ ಆರೈಕೆ ನಿಲ್ಲಬಾರದೆಂಬ ಸಾಂತ್ವನ ಚಿಕಿತ್ಸೆಯ ಕಾರ್ಯವು 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಮೊಳೆಯಿತು. 2008ರಲ್ಲಿ ಅದು ಕೇರಳ ಸರಕಾರದ ನೀತಿಯಾಯಿತು. ಅದರ ಫಲವಾಗಿ ಕಾಸರಗೋಡಿನ ನಮ್ಮ ಹಳ್ಳಿಗೂ ಪಂಚಾಯತಿನ ದಾದಿ ಬರುತ್ತಾರೆ. ಜತೆಯಲ್ಲಿ ಆಶಾ ಕಾರ್ಯಕರ್ತೆ. ದಾದಿಯದು ಮಲೆಯಾಳ, ಅಣ್ಣನವರದು ಕನ್ನಡ. ನಡುವೆ ಸೇತುವಾದವಳು, ಒಂದು ಕಾಲಕ್ಕೆ ನಮ್ಮ ಶಿಷ್ಯೆಯಾಗಿದ್ದ ಆ ಆಶಾ ಕಾರ್ಯಕರ್ತೆ. ಗಂಜಿ ಇಳಿಯಿತೇ, ರಾತ್ರಿ ನೋವಿತ್ತೇ, ಮಾರ್ಫಿನ್ ಗುಳಿಗೆಯಿಂದ ಮಲಬದ್ಧತೆಯಾಯಿತೇ ಎಂದು ಮನೆಮಾತಿನಲ್ಲಿ ಕೇಳಿ ತಿಳಿಯುವವಳು ಅವಳೇ.

ಅವಳನ್ನೂ ನಾವು ಅಂಗಳದಲ್ಲೇ ತಡೆದು ಎಚ್ಚರಿಸಿದೆವು. "ನಾನಾಗಿ ಹೇಳುವುದಿಲ್ಲ ಮಾಸ್ಟ್ರೇ, ಅವರಾಗಿ ಕೇಳಿದರೆ ಸುಳ್ಳು ಹೇಳಲಾರೆ" ಎಂದಳು. ನಮಗೆ ಸಿಟ್ಟು ಬಂದಿತು.

ಒಂದು ದಿನ ಅಣ್ಣನವರು ಕೇಳಿಯೇ ಬಿಟ್ಟರು: "ಇದು ಹುಣ್ಣಲ್ಲ, ಅಲ್ಲವೇ?" ಅವಳು ಹಾಸಿಗೆಯ ಬಳಿ ಕುಳಿತು, "ನಿಮಗೆ ಏನನ್ನಿಸುತ್ತದೆ?" ಎಂದಳು. "ನನಗೆ ಗೊತ್ತಿದೆ ಮಗಳೇ. ತಮ್ಮನಿಗೆ ಹೇಳಬೇಡ, ಅವನು ತಾಳಲಾರ." ಬಾಗಿಲ ಮರೆಯಲ್ಲಿ ನಿಂತಿದ್ದ ನಾವು ಇದನ್ನು ಕೇಳಿದೆವು.

ಒಂದೇ ಸತ್ಯವನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟು, ಒಂದೇ ಮನೆಯಲ್ಲಿ ಪ್ರತ್ಯೇಕವಾಗಿ ದುಃಖಿಸಿದ್ದೆವು. ಅಂದಿನಿಂದ ಮಾತು ತೆರೆಯಿತು. ಜಮೀನಿನ ಪಾಲು ಹೇಗೆಂದು ಅಣ್ಣನವರೇ ಹೇಳಿದರು. ಮತ್ತೆ ಆಸ್ಪತ್ರೆಗೆ ಒಯ್ಯದೆ ಜಗಲಿಯಲ್ಲೇ ಮಲಗಿಸಿರೆಂದರು. ಹಾಗೆಯೇ ನಡೆಯಿತು.

ಹಾಗೆಂದು ಎಲ್ಲ ರೋಗಿಗಳಿಗೂ ಎಲ್ಲವನ್ನೂ ಹೇಳಿಬಿಡಬೇಕೆಂದು ನಾವು ವಾದಿಸುವುದಿಲ್ಲ. ತಿಳಿಯಲೊಲ್ಲದ ಹಿರಿಯರೂ ಇದ್ದಾರೆ; ಒಲ್ಲೆನೆನ್ನುವ ಹಕ್ಕೂ ಅವರದೇ. ಆದರೆ ಎಷ್ಟು ತಿಳಿಯಬೇಕೆಂಬುದನ್ನು ಅವರನ್ನೇ ಕೇಳಬೇಕು. ವಯಸ್ಸಾಯಿತೆಂಬ ಕಾರಣಕ್ಕೆ ತನ್ನ ದೇಹದ ಸುದ್ದಿ ತನ್ನದಲ್ಲವಾಗುವುದಿಲ್ಲ. ನಾವು ಕರುಣೆಯೆಂದು ಕರೆದುದರಲ್ಲಿ, ಅಣ್ಣನವರ ಮುಖವನ್ನು ನೋಡಿ ಮಾತನಾಡಲಾರದ ನಮ್ಮ ಅಂಜಿಕೆಯೇ ಹೆಚ್ಚಿತ್ತು.

ಹಿರಿಯರ ಆ ಮಾತಿಗೆ ಉತ್ತರಾರ್ಧವೂ ಉಂಟು: ಪ್ರಿಯವಾದ ಸುಳ್ಳನ್ನೂ ನುಡಿಯಬಾರದು. ಅದನ್ನು ತರಗತಿಯಲ್ಲಿ ಕಲಿಸಿದ್ದೆವು, ಮನೆಯಲ್ಲಿ ಮರೆತೆವು. ನೆನಪಿಸಲು ಶಿಷ್ಯೆಯೇ ಬರಬೇಕಾಯಿತು. ಸಂಘದ ಬಂಧುಗಳ ಮನೆಗೆ ಇಂತಹ ಕಾರ್ಯಕರ್ತೆ ಬಂದಾಗ ಅಂಗಳದಲ್ಲಿ ತಡೆಯದಿರಿ. ಹಿರಿಯರ ಹಾಸಿಗೆಯ ಬಳಿ ಕುರ್ಚಿ ಹಾಕಿಕೊಡಿ.

ಅಣ್ಣನವರೊಡನೆ ಸುಳ್ಳಿನಲ್ಲಿ ಕಳೆದ ಆರು ವಾರಗಳು ಮಾತ್ರ ನಮಗೆ ಮರಳಿ ಬಾರವು.