ಮುಂದಾಳು

ಪಾಠ ಹೇಳುವ ವೃತ್ತಿಯವರಿಗೆ ಒಂದು ದೌರ್ಬಲ್ಯವುಂಟು. ಯಾರು ಕರೆದರೂ ಹೋಗುತ್ತೇವೆ. ವಿಷಯ ಯಾವುದಾದರೂ ಸರಿಯೆ, ಮುಕ್ಕಾಲು ಗಂಟೆ ಮಾತನಾಡಿ ಹಾರ ಹಾಕಿಸಿಕೊಂಡು ಬರುತ್ತೇವೆ. ಆರು ವರ್ಷಗಳ ಹಿಂದೆ ನಮ್ಮ ಪಟ್ಟಣಕ್ಕೆ ಹತ್ತು ಹನ್ನೆರಡು ಕಿಲೋಮೀಟರು ದೂರದ ಹಳ್ಳಿಯೊಂದರಿಂದ ಭಜನಾ ಮಂಡಲಿಯವರು ಕರೆಯಲು ಬಂದಾಗ ನಾನು ಒಪ್ಪಿಕೊಂಡದ್ದು ಈ ದೌರ್ಬಲ್ಯದಿಂದಲೇ. ಶನಿವಾರ ಶನಿವಾರ ಗುಡಿಯಲ್ಲಿ ಕುಳಿತು ತಾಳ ತಟ್ಟಿದರಷ್ಟೇ ಸಾಲದು, ಊರಿನ ಏಳಿಗೆಗೂ ಮಂಡಲಿ ಮುಂದಾಗಬೇಕು, ಅದಕ್ಕೆ ತಕ್ಕ ತರಬೇತಿಯನ್ನು ಪಡೆಯಬೇಕು ಎಂಬುದು ಅವರ ಸಂಕಲ್ಪ. ಎರಡು ದಿನದ ಶಿಬಿರ. ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯುವುದು ಹೇಗೆ, ಲೆಕ್ಕ ಇಡುವುದು ಹೇಗೆ ಎಂದು ಹೇಳಿಕೊಡಲು ಬೇರೆಯವರಿದ್ದರು. ಮುಂದಾಳುತನದ ಮೇಲೆ ಮಾತನಾಡುವುದು ನನ್ನ ಪಾಲಿಗೆ ಬಂದಿತ್ತು.

ಕನ್ನಡ ಮೇಷ್ಟರಾದ ಕಾರಣ ನಾನು ಶಬ್ದದಿಂದಲೇ ಆರಂಭಿಸಿದೆ. ‘ಆಳು’ ಎಂಬುದು ನಮ್ಮ ಭಾಷೆಯಲ್ಲಿ ನಾಮಪದವಾದರೆ ದುಡಿಯುವವನು, ಸೇವಕ. ಅದೇ ಕ್ರಿಯಾಪದವಾದರೆ ದೊರೆತನ ನಡಸು ಎಂದರ್ಥ. ‘ಮುಂದಾಳು’ ಎಂಬ ಮಾತಿನಲ್ಲಿರುವುದು ಮೊದಲನೆಯದು. ಎಲ್ಲರಿಗಿಂತ ಮುಂದೆ ನಿಂತು ದುಡಿಯುವ ಆಳು. ನಾವಾದರೋ ಅದರಲ್ಲಿ ಎರಡನೆಯದನ್ನೇ ಕೇಳಿಸಿಕೊಳ್ಳುತ್ತೇವೆ, ಎಂದೆ. ಸಭೆ ತಲೆದೂಗಿತು. ತಲೆದೂಗಿಸಿದ ಸಂತೋಷದಲ್ಲಿ ನಾನು ಕುಳಿತೆ.

ಮಧ್ಯಾಹ್ನ ಊಟವಾದ ಮೇಲೆ ಮಾಡಬೇಕಾದ ಕೆಲಸಗಳ ಪಟ್ಟಿ ತಯಾರಾಯಿತು. ಅಕ್ಷರ ದುಂಡಗಿದೆಯೆಂದು ಅದನ್ನು ಬರೆಯುವ ಹೊಣೆ ನನಗೇ ಬಂತು. ಮೊದಲನೆಯದು, ಗುಡಿಯ ಎದುರಿನ ಕಲ್ಯಾಣಿಯ ಹೂಳೆತ್ತುವುದು. ಎರಡನೆಯದು, ರಥಬೀದಿಗೆ ಚಪ್ಪಡಿ. ಮೂರನೆಯದು, ಬೀದಿ ದೀಪ. ನಾಲ್ಕನೆಯದನ್ನು ಬರೆಯುವಷ್ಟರಲ್ಲಿ, ಅಂಗಳ ಗುಡಿಸಲು ಬಂದಿದ್ದ ಮುದುಕಿಯೊಬ್ಬಳು ಪೊರಕೆಯನ್ನು ಗೋಡೆಗೆ ಒರಗಿಸಿ, ದೂರದಿಂದಲೇ ಕೇಳಿದಳು: “ಹೂಳು ಎತ್ತೋಕೆ ನಮ್ಮ ಕೇರಿಯೋರೂ ಬರಬೇಕಂತೆ. ಬತ್ತೀವಿ ಸ್ವಾಮಿ. ನೀರು ಬಂದಮ್ಯಾಲೆ ನಾವೂ ಇಳೀಬೋದಾ?”

ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆಯೇ ಇತ್ತು. ನಾನು ಲೇಖನಿಯನ್ನು ಕೈಯಲ್ಲಿ ಹಿಡಿದುಕೊಂಡೇ, “ಒಳ್ಳೆಯ ಪ್ರಶ್ನೆ ಕಣಮ್ಮ. ಅದನ್ನು ಆಮೇಲೆ ನೋಡೋಣ” ಎಂದೆ. ಅನಂತರ ನಾಲ್ಕನೆಯ ಕೆಲಸವನ್ನು ಬರೆದೆ. ಅದೇನೆಂಬುದು ಈಗ ನೆನಪಿಲ್ಲ. ಮುದುಕಿಯ ಪ್ರಶ್ನೆ ಮಾತ್ರ ಮರೆತಿಲ್ಲ.

ದೈವಭಕ್ತಿಯಿಂದ ಕೂಡಿಕೊಂಡ ಒಂದು ಗುಂಪು ಇಡೀ ಊರಿಗೆ ಮುಂದಾಳಾಗಬಹುದೆ? ಆಗಬಹುದಾದರೆ ಅದಕ್ಕೆ ಕೊಡಬೇಕಾದ ತರಬೇತಿ ಎಂಥದು? ಆ ಸಂಜೆ ಬಸ್ಸಿನಲ್ಲಿ ಹಿಂತಿರುಗುವಾಗ ನನ್ನಲ್ಲಿ ಎದ್ದ ಈ ಪ್ರಶ್ನೆಯನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ಆಗಕೂಡದು ಎನ್ನುವ ಗೆಳೆಯರು ನನಗೆ ಬಹಳ ಮಂದಿ ಇದ್ದಾರೆ. ದೇವರು ಮನೆಯೊಳಗಿರಲಿ, ರಸ್ತೆ ಚರಂಡಿಗಳನ್ನು ಸರ್ಕಾರ ನೋಡಿಕೊಳ್ಳಲಿ ಎಂಬುದು ಅವರ ವಾದ. ಕೇಳಲು ಅಚ್ಚುಕಟ್ಟಾಗಿದೆ. ಆದರೆ ಹಳ್ಳಿಯನ್ನು ಬಲ್ಲವರಿಗೆ ತಿಳಿದ ಸಂಗತಿಯೊಂದಿದೆ. ಯೋಜನೆಯೊಂದಿಗೆ ಹುಟ್ಟಿದ ಸಮಿತಿ ಯೋಜನೆಯೊಂದಿಗೇ ಸಾಯುತ್ತದೆ. ಭಜನಾ ಮಂಡಲಿಯಾದರೋ ಮಳೆ ಬರಲಿ, ಬರ ಬರಲಿ, ಶನಿವಾರ ಸೇರುತ್ತದೆ. ಅದರ ಹುಂಡಿಯ ದುಡ್ಡನ್ನು ಮುಟ್ಟಲು ಕಳ್ಳನಿಗೂ ಅಳುಕು. ಕೂಲಿಯಿಲ್ಲದೆ ಹಾರೆ ಹಿಡಿಯಿರಿ ಎಂದರೆ ಹಿಡಿಯುವ ಜನ ಅಲ್ಲಿದ್ದಾರೆ. ಕ್ರಮ, ನಂಬಿಕೆ, ಶ್ರಮ, ಈ ಮೂರೂ ಒಂದೆಡೆ ಸಿಕ್ಕುವ ತಾಣ ಹಳ್ಳಿಯಲ್ಲಿ ಮತ್ತೆ ಎಲ್ಲಿದೆ? ಅದನ್ನು ಬೇಡವೆನ್ನುವುದು ಮನೆಯ ಮುಂದಿನ ಬಾವಿಯನ್ನು ಬಿಟ್ಟು ಮೋಡವನ್ನು ನೋಡಿದಂತೆ.

ಆದರೂ ಬಾವಿ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಕಡೆ ‘ಊರು’ ಎಂದರೆ ಎಲ್ಲರೂ ಅಲ್ಲ. ಊರು ಬೇರೆ, ಕೇರಿ ಬೇರೆ. ಊರವರು, ಕೇರಿಯವರು ಎಂದು ನಾವು ಆಡುವಾಗ ಮಾತಿನಲ್ಲೇ ಒಂದು ಗೋಡೆ ಎದ್ದಿರುತ್ತದೆ. ನಾನು ಬರೆದ ಪಟ್ಟಿಗೆ ‘ಊರಿನ ಅಭಿವೃದ್ಧಿ’ ಎಂದೇ ತಲೆಬರಹ ಕೊಟ್ಟಿದ್ದೆ. ಅದು ಶಬ್ದಶಃ ನಿಜವಾಗಿತ್ತು. ಕೇರಿಯ ಒಂದು ಬೇಡಿಕೆಯೂ ಅದರಲ್ಲಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂದು ಗಾದೆ. ಊರಿನಲ್ಲೇ ಹುಟ್ಟಿ, ಬೆಳೆದು, ಮುಪ್ಪಾದವಳು ನೀರಿಗೆ ಬರಬಹುದೇ ಎಂದು ಕೇಳಬೇಕಾಗಿ ಬಂದಿತ್ತು. ಸಂವಿಧಾನದ 17ನೆಯ ವಿಧಿ ಈ ಪ್ರಶ್ನೆಗೆ 1950ರಲ್ಲೇ ಉತ್ತರ ಕೊಟ್ಟಿದೆ. ನನ್ನ ಬಾಯಿಂದ ಆ ಉತ್ತರ ಬರಲಿಲ್ಲ.

ನನ್ನಂತೆಯೇ ಪಾಠ ಹೇಳುತ್ತಿದ್ದ ಒಬ್ಬರ ಕಥೆಯನ್ನು ಇಲ್ಲಿ ಹೇಳಬೇಕು. ಶ್ರೀಲಂಕೆಯ ಎ. ಟಿ. ಅರಿಯರತ್ನೆಯವರು ಕೊಲಂಬೊ ನಗರದ ನಾಲಂದ ವಿದ್ಯಾಲಯದಲ್ಲಿ ಉಪಾಧ್ಯಾಯರು. 1958ರಲ್ಲಿ ಅವರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಣತೊಲುವ ಎಂಬ ಹಳ್ಳಿಗೆ ಹೋದರು. ಅದು ರೊಡಿಯ ಜನರ ಹಳ್ಳಿ. ಭಿಕ್ಷೆ ಬೇಡಿ ಬದುಕುವುದೇ ಇವರ ಹಣೆಬರಹವೆಂದು ಸಿಂಹಳ ಸಮಾಜ ತೀರ್ಮಾನಿಸಿ, ಹತ್ತಿರ ಸೇರಿಸದೆ ಇಟ್ಟಿದ್ದ ಜನ. ಹುಡುಗರು ಅವರ ನಡುವೆಯೇ ಇದ್ದರು, ಅವರೊಡನೆ ಉಂಡರು, ಮಣ್ಣು ಹೊತ್ತರು. ಸರ್ವೋದಯ ಶ್ರಮದಾನ ಚಳವಳಿ ಹುಟ್ಟಿದ್ದು ಹೀಗೆ. ಮುಂದೆ ಅದು ಸಾವಿರಾರು ಹಳ್ಳಿಗಳಿಗೆ ಹಬ್ಬಿತು. ಹಳ್ಳಿಯ ವಿಹಾರವೇ ಅನೇಕ ಕಡೆ ಅದರ ನೆಲೆ. ಭಿಕ್ಷುಗಳಿಗೂ ಗ್ರಾಮಕಾರ್ಯದ ಶಿಕ್ಷಣ ಕೊಡುವ ಏರ್ಪಾಡಾಯಿತು. ಅರಿಯರತ್ನೆಯವರಿಗೆ 1969ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ 1996ರಲ್ಲಿ ನಮ್ಮ ದೇಶದ ಗಾಂಧಿ ಶಾಂತಿ ಪ್ರಶಸ್ತಿಯೂ ಸಂದವು. 2024ರಲ್ಲಿ ಅವರು ತೀರಿಕೊಂಡರು.

ಅವರು ಹಿಡಿದ ಕ್ರಮವನ್ನು ಗಮನಿಸಬೇಕು. ಮೊದಲು ಹೋದದ್ದು ಕೊನೆಯವರ ಹತ್ತಿರ. ಬೌದ್ಧ ಸಂಪ್ರದಾಯದಲ್ಲಿ ಜನರನ್ನು ಕೂಡಿಸುವ ನಾಲ್ಕು ನಡೆಗಳನ್ನು ಹೇಳಿದೆ: ದಾನ, ಪ್ರಿಯವಚನ, ಅರ್ಥಚರ್ಯೆ, ಸಮಾನಾತ್ಮತೆ. ಸರ್ವೋದಯದವರು ಹಳ್ಳಿಯ ಕೆಲಸಕ್ಕೆ ಈ ನಾಲ್ಕನ್ನೇ ಸೂತ್ರವಾಗಿ ಇಟ್ಟುಕೊಂಡರು. ಕೊಡುವುದು, ಇನಿದಾಗಿ ನುಡಿಯುವುದು, ಉಪಯೋಗಕ್ಕೆ ಬರುವಂತೆ ದುಡಿಯುವುದು, ಸರಿಸಮನಾಗಿ ಇರುವುದು. ನಮ್ಮ ಮಂಡಲಿಗಳು ಈ ನಾಲ್ಕರಲ್ಲಿ ಮೊದಲ ಮೂರನ್ನು ಯಾರ ತರಬೇತಿಯೂ ಇಲ್ಲದೆ ಬಲ್ಲವು. ಅನ್ನದಾನಕ್ಕೆ ನಮ್ಮಲ್ಲಿ ಕೊರತೆಯಿಲ್ಲ, ಒಳ್ಳೆಯ ಮಾತಿಗಂತೂ ಮೊದಲೇ ಇಲ್ಲ. ನಾಲ್ಕನೆಯದರ ಹತ್ತಿರ ಬಂದಾಗ ಮಾತ್ರ ‘ಆಮೇಲೆ ನೋಡೋಣ’.

ದೂರದ ಕೆನಡಾ ದೇಶದಿಂದಲೂ ಒಂದು ಪಾಠವಿದೆ. ನೋವಾ ಸ್ಕೋಷಿಯ ಪ್ರಾಂತದ ಆಂಟಿಗೊನಿಷ್ ಎಂಬ ಊರಿನ ಸೇಂಟ್ ಫ್ರಾನ್ಸಿಸ್ ಜೇವಿಯರ್ ವಿಶ್ವವಿದ್ಯಾಲಯ 1928ರಲ್ಲಿ ಮೋಸೆಸ್ ಕೋಡಿ ಎಂಬ ಕೆಥೊಲಿಕ್ ಪಾದ್ರಿಯನ್ನು ತನ್ನ ವಿಸ್ತರಣ ವಿಭಾಗಕ್ಕೆ ಮುಖ್ಯಸ್ಥರನ್ನಾಗಿ ಮಾಡಿತು. ಸಾಲದಲ್ಲಿ ಮುಳುಗಿದ್ದ ಬೆಸ್ತರು, ರೈತರು, ಗಣಿ ಕೆಲಸಗಾರರು ಅಲ್ಲಿಯ ಜನ. ಪಾದ್ರಿಗಳು ಅವರಿಗೆ ದಾನ ಹಂಚಲಿಲ್ಲ. ಅಡುಗೆಮನೆಗಳಲ್ಲಿ, ಚರ್ಚಿನ ಹಜಾರಗಳಲ್ಲಿ ಹತ್ತಾರು ಮಂದಿಯ ಚಿಕ್ಕ ಚಿಕ್ಕ ಅಧ್ಯಯನ ಕೂಟಗಳನ್ನು ಮಾಡಿದರು. ನಿಮ್ಮ ಮೀನಿಗೆ ಬೆಲೆ ಕಟ್ಟುವವರು ಯಾರು, ಏಕೆ ಅಷ್ಟೇ ಕಟ್ಟುತ್ತಾರೆ ಎಂದು ಅವರೇ ಕೂತು ಯೋಚಿಸುವಂತೆ ಮಾಡಿದರು. ಸಹಕಾರ ಸಂಘಗಳು, ಸಾಲದ ಸಂಘಗಳು ಆಮೇಲೆ ಬಂದವು. ಕೋಡಿಯವರು 1959ರಲ್ಲಿ ತೀರಿಕೊಂಡ ವರ್ಷವೇ ಅವರ ಹೆಸರಿನ ಸಂಸ್ಥೆಯೊಂದು ಅಲ್ಲಿ ಆರಂಭವಾಗಿ, ನಮ್ಮ ದೇಶವೂ ಸೇರಿದಂತೆ ಅನೇಕ ದೇಶಗಳ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿದೆ. ಪೀಠದಿಂದ ಉಪದೇಶ ಮಾಡುವುದು ಪಾದ್ರಿಗೆ ಅಭ್ಯಾಸ. ಅಡುಗೆಮನೆಯ ಮಣೆಯ ಮೇಲೆ ಕುಳಿತು ಕೇಳಿಸಿಕೊಳ್ಳುವುದನ್ನು ಅವನು ಹೊಸದಾಗಿ ಕಲಿಯಬೇಕಾಗುತ್ತದೆ. ಮೇಷ್ಟರ ಪಾಡೂ ಅದೇ.

ಇದೆಲ್ಲ ಹೊರಗಿನವರ ವಿಚಾರವೆಂದು ನಾವು ತಪ್ಪಿಸಿಕೊಳ್ಳುವಂತಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಿಂದ ನಮಗೆ ಬಂದಿರುವ ‘ದಾಸೋಹ’ವೆಂಬ ಮಾತಿನಲ್ಲಿ ಕೊಡುವವನು ತಾನೇ ದಾಸನೆಂದು ಹೇಳಿಕೊಂಡಿದ್ದಾನೆ. ನಾನು ಶಿಬಿರದಲ್ಲಿ ಬಿಡಿಸಿ ಹೇಳಿದ ‘ಆಳು’ ಅದೇ ಅಲ್ಲವೆ? ನಮ್ಮ ರೈತರ ಮುಯ್ಯಾಳಿನ ಪದ್ಧತಿಯಲ್ಲೂ ಸಮಾನಾತ್ಮತೆಯಿದೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು; ಇದರಲ್ಲಿ ಉಪಕಾರ ಮಾಡಿದೆನೆಂಬ ಹಮ್ಮಿಗೆ ಎಡೆಯಿಲ್ಲ. 1982ರಲ್ಲಿ ಧರ್ಮಸ್ಥಳ ಕ್ಷೇತ್ರದಿಂದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಮೊದಲಾದ ಗ್ರಾಮಾಭಿವೃದ್ಧಿ ಯೋಜನೆಯು ಸಣ್ಣ ರೈತರ ‘ಪ್ರಗತಿಬಂಧು’ ಗುಂಪುಗಳನ್ನು ಕಟ್ಟಿದಾಗ ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯುವ ಈ ಹಳೆಯ ಕ್ರಮವನ್ನೇ ಅಳವಡಿಸಿತು. ಸಾಮಗ್ರಿ ಮನೆಯಲ್ಲೇ ಇದೆ. ಯಾರ ಯಾರ ನಡುವೆ ಮುಯ್ಯಿ ನಡೆಯಬೇಕೆಂಬುದೇ ಪ್ರಶ್ನೆ. ಕೇರಿಯವನ ಹೊಲದಲ್ಲಿ ಊರವನು ಕಳೆ ಕೀಳುವ ದಿನ ಬಂದರೆ ಅದು ಭಜನೆಗಿಂತ ಕಡಿಮೆಯ ಪೂಜೆಯಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇದು. ಭಕ್ತರ ಗುಂಪು ಊರಿಗೆ ಮುಂದಾಳಾಗಲಿ. ಆದರೆ ಅದು ಕಲಿಯಬೇಕಾದ ಮೊದಲ ಪಾಠ ಅರ್ಜಿಯದಲ್ಲ, ಲೆಕ್ಕದ್ದೂ ಅಲ್ಲ. ತನ್ನ ಗುಡಿಗೆ ಬಾರದವರ, ಬರಲಾಗದವರ ಬಾಗಿಲಿಗೆ ಹೋಗಿ, ಅವರು ಹೇಳುವ ಬೇಡಿಕೆಯನ್ನು ಪಟ್ಟಿಯ ಮೊದಲ ಸಾಲಿನಲ್ಲಿ ಬರೆದುಕೊಳ್ಳುವುದು. ಆ ಬೇಡಿಕೆ ತನಗೆ ನಷ್ಟ ತರುವಂಥದಾದರೂ ಅಳಿಸದೆ ಇರುವುದು. ಇದನ್ನು ಕಲಿಯದ ಗುಂಪು ಎಷ್ಟು ಕೆರೆ ತೋಡಿಸಿದರೂ ತನ್ನ ಊರನ್ನು ತಾನೇ ಉದ್ಧರಿಸಿಕೊಂಡಂತಾಗುತ್ತದೆಯೇ ಹೊರತು ಎಲ್ಲರ ಮುಂದಾಳಾದಂತಾಗುವುದಿಲ್ಲ.

ಆ ಹಳ್ಳಿಯಲ್ಲಿ ಮುಂದೇನಾಯಿತೆಂದು ಹೇಳಿ ಮುಗಿಸುತ್ತೇನೆ. ಕಲ್ಯಾಣಿಯ ಹೂಳು ತೆಗೆದರು. ಕೇರಿಯವರೂ ಬಂದು ದುಡಿದರು. ಮಳೆಗಾಲದಲ್ಲಿ ನೀರು ತುಂಬಿತು. ಅದರಿಂದ ಕೇರಿಯ ತನಕ ಒಂದು ಕೊಳವೆ ಎಳೆದು ನಲ್ಲಿ ಹಾಕಿಸಿದರು. ನೀರು ಕೇರಿಗೆ ಹೋಯಿತು. ಕೇರಿ ನೀರಿಗೆ ಬರಲಿಲ್ಲ. ಮುದುಕಿಯ ಪ್ರಶ್ನೆಗೆ ಊರು ಜಾಣತನದಿಂದ ಕೊಟ್ಟ ಉತ್ತರ ಇದು.

ಆದರೆ ಮರುವರ್ಷ ಮಂಡಲಿಯಲ್ಲಿ ಹಾರ್ಮೋನಿಯಂ ನುಡಿಸುವ ಹುಡುಗನೊಬ್ಬ, ಯಾರೂ ಹೇಳದೆ, ಕೇರಿಗೆ ಹೋಗಿ ನಿಮಗೇನು ಬೇಕೆಂದು ಕೇಳಿ ಬಂದ. ಅವರು ಕೇಳಿದ್ದು ದೀಪವನ್ನಲ್ಲ, ಚಪ್ಪಡಿಯನ್ನಲ್ಲ. ಸ್ಮಶಾನಕ್ಕೆ ಹೋಗಲು ದಾರಿ. ಬೆಳೆ ನಿಂತಿರುವ ದಿನಗಳಲ್ಲಿ ಅವರು ಹೆಣ ಹೊತ್ತುಕೊಂಡು ಹಳ್ಳವನ್ನು ಸುತ್ತಿ ಹೋಗಬೇಕಾಗಿತ್ತು. ನಡುವೆ ಇದ್ದ ಹೊಲ ಮಂಡಲಿಯ ಅಧ್ಯಕ್ಷರದೇ. ಅವರು ಮೂರು ವಾರ ಭಜನೆಗೆ ಬರಲಿಲ್ಲವಂತೆ. ನಾಲ್ಕನೆಯ ವಾರ ಬಂದು, ಬದುವಿನ ಪಕ್ಕದಲ್ಲಿ ದಾರಿ ಬಿಡುತ್ತೇನೆ ಎಂದರಂತೆ. ಗಾಡಿ ಹೋಗುವಷ್ಟಲ್ಲ, ನಾಲ್ವರು ಹೆಗಲು ಕೊಟ್ಟು ನಡೆಯುವಷ್ಟು. ಆ ಮೂರು ವಾರಗಳಲ್ಲಿ ಆ ಹಿರಿಯರು ಪಡೆದ ತರಬೇತಿಯನ್ನು ಯಾವ ಶಿಬಿರವೂ ಕೊಡಲಾರದು.

ಕಳೆದ ವರ್ಷ ಮುದುಕಿ ತೀರಿಕೊಂಡಳು. ಆ ದಾರಿಯಲ್ಲೇ ಹೋದಳು. ಕಲ್ಯಾಣಿಗೆ ಒಮ್ಮೆಯಾದರೂ ಇಳಿದಿದ್ದಳೆ ಎಂದು ಹುಡುಗನನ್ನು ಕೇಳಿದೆ. ಇಲ್ಲವೆಂದ.

ಈ ವರ್ಷ ಮತ್ತೆ ಶಿಬಿರವಿದೆ. ನನ್ನನ್ನು ಮತ್ತೆ ಕರೆದಿದ್ದಾರೆ, ವಿಷಯವೂ ಅದೇ. ಬರುತ್ತೇನೆ, ಆದರೆ ಶಿಬಿರ ಗುಡಿಯಲ್ಲಿ ಬೇಡ, ಕೇರಿಯ ಅರಳಿಕಟ್ಟೆಯಲ್ಲಿ ನಡೆಯಲಿ, ಮೊದಲ ಮಾತು ಅವರದಾಗಲಿ ಎಂದು ತಿಳಿಸಿದೆ. ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ ಮೇಷ್ಟ್ರೆ, ನೋಡೋಣ” ಎಂದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಬಾಯಿ ಬರಲಿಲ್ಲ. ಆ ಮಾತನ್ನು ಆ ಅಂಗಳದಲ್ಲಿ ಮೊದಲು ಆಡಿದವನು ನಾನೇ.