ಗಾಯಗೊಂಡ ಕರಸ್ಥಲ



ವೀರಶೈವನಿಗೆ ಎಡಗೈಯ ಅಂಗೈಯು ಬರಿಯ ಅವಯವವಲ್ಲ, ಅದು ಕರಸ್ಥಲವು. ಶ್ರೀಗುರುವು ಇಷ್ಟಲಿಂಗವನ್ನು ಅನುಗ್ರಹಿಸುವುದು ಅಲ್ಲಿಯೇ. ಲಿಂಗಯ್ಯನು ನಿತ್ಯವೂ ಪೂಜೆಗೊಳ್ಳುವ ಪೀಠವೂ ಅದೇ. ಆ ಕೈಯೇ ದುಡಿಮೆಯಲ್ಲಿ ಮುರಿದರೆ ಭಕ್ತನ ಗತಿಯೇನು? ಈ ಪ್ರಶ್ನೆಯನ್ನು ನಾನು ಗ್ರಂಥದಲ್ಲಿ ಓದಿದ್ದಲ್ಲ. ಒಬ್ಬನ ಕಣ್ಣೀರಿನಲ್ಲಿ ಕಂಡುದು.

ದೊಡವಾಡದ ಸುತ್ತಿನ ಎರೆಹೊಲಗಳಲ್ಲಿ ಜೋಳ, ಕಡಲೆಗಳ ರಾಶಿಯ ಕಾಲ. ಕೂಲಿಯ ತರುಣನೊಬ್ಬನು ರಾತ್ರಿ ರಾಶಿಯಂತ್ರದ ಮುಂದೆ ನಿಂತಿದ್ದಾಗ ಅಂಗಿಯ ತೋಳು ಸಿಕ್ಕಿ, ಎಡಗೈಯ ಮೂರು ಬೆರಳುಗಳನ್ನು ಕಳೆದುಕೊಂಡನು. ಆಸ್ಪತ್ರೆಯಿಂದ ಮರಳಿದವನು ಮಠದ ಕಡೆಗೆ ಸುಳಿಯಲಿಲ್ಲ. ನಾನೇ ಅವನ ಮನೆಗೆ ಹೋದೆನು. ಲಿಂಗವು ಕೊರಳಲ್ಲಿತ್ತು, ಕರಡಿಗೆಯನ್ನು ತೆರೆದು ಮಾತ್ರ ಒಂದು ತಿಂಗಳಾಗಿತ್ತು. “ಮಾಸ್ತರ್ರೀ, ಇನ್ನ ಪೂಜಿ ಹೆಂಗ ಮಾಡ್ಲಿ? ಲಿಂಗಯ್ಯನ ನನ್ನ ಕೈ ಒಲ್ಲೆ ಅಂದಂಗಾತಲ್ರೀ” ಎಂದು ಅತ್ತನು. ನೆರೆಹೊರೆಯವರು ಇದು ಯಾವುದೋ ಪಾಪದ ಫಲವೆಂದು ಆಡಿದ್ದರು. ಬೆರಳಿನ ಗಾಯಕ್ಕಿಂತ ಈ ಮಾತಿನ ಗಾಯವೇ ಆಳವಾಗಿತ್ತು.

ಬಂಧುಗಳೇ, ಗಾಯವು ಶಿವನ ಕೋಪವೇ? ಆ ಕೈಯನ್ನು ತಿಂದುದು ಮುಚ್ಚಳವಿಲ್ಲದ ಯಂತ್ರದ ಬಾಯಿ, ಸಡಿಲಾದ ತೋಳು, ನಿದ್ದೆಗೆಟ್ಟ ದೇಹದ ದಣಿವು. ಮನುಷ್ಯರ ಅಜಾಗ್ರತೆಯನ್ನು ಮಹಾದೇವನ ಮೇಲೆ ಹೊರಿಸುವುದು ಭಕ್ತಿಯಲ್ಲ. ಕಲ್ಯಾಣದಿಂದ ಉಳವಿಯತ್ತ ನಡೆದ ಶರಣರ ಬೆನ್ನಿಗೆ ನಿಂತು ಕಾದಾಡಿದ ಡೋಹರ ಕಕ್ಕಯ್ಯನವರು ನಮ್ಮ ಜಿಲ್ಲೆಯ ಕಕ್ಕೇರಿಯಲ್ಲಿಯೇ ಲಿಂಗೈಕ್ಯರಾದರೆಂದು ಪರಂಪರೆಯು ಹೇಳುತ್ತದೆ. ಅವರನ್ನು ಶಿವನು ಕೈಬಿಟ್ಟನೆಂದು ಯಾರಾದರೂ ಹೇಳಿಯಾರೇ?

ನುಲಿಯ ಚಂದಯ್ಯನವರ ಪ್ರಸಂಗವನ್ನು ಆ ತರುಣನಿಗೆ ಹೇಳಿದೆನು. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಅವರ ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದಿತು. ಅವರು ಹುಲ್ಲಿನ ಹೊರೆಯನ್ನು ಹೊತ್ತು ಮುಂದೆ ನಡೆದರು. ಲಿಂಗವೇ ಅವರನ್ನು ಹಿಂಬಾಲಿಸಿ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ಇಬ್ಬರನ್ನೂ ಕೂಡಿಸಬೇಕಾಯಿತು. ಇದರ ಇಂಗಿತವೇನು? ಲಿಂಗವನ್ನು ಅಲಕ್ಷಿಸಬಹುದೆಂದಲ್ಲ, ಸತ್ಯಶುದ್ಧವಾಗಿ ದುಡಿಯುವವನನ್ನು ಅಗಲಿ ಲಿಂಗವೂ ಇರಲಾರದೆಂದು. “ತಮ್ಮಾ, ಕಾಯಕದಲ್ಲಿ ನೊಂದ ಕೈಯನ್ನು ಅವನು ಒಲ್ಲೆನೆನ್ನುವನೇ?” ಎಂದೆನು.

ಇಷ್ಟಲಿಂಗವೇ ಪ್ರಾಣಲಿಂಗವಾಗಿ, ಭಾವಲಿಂಗವಾಗಿ ಒಳಗೆ ಬೆಳಗುವುದೆಂಬುದು ನಮ್ಮ ಸಿದ್ಧಾಂತ. ಬೆರಳುಗಳು ಭಾವದ ಅಳತೆಗೋಲಲ್ಲ. ಹಾಗೆಂದು ಪೂಜೆಯನ್ನು ಬಿಡಬೇಕಾಗಿಲ್ಲ. ಅವನ ತಾಯಿಯು ತನ್ನ ಅಂಗೈಯನ್ನು ಮಗನ ಅಂಗೈಯ ಕೆಳಗೆ ಹಿಡಿದಳು. ಉಳಿದ ಎರಡು ಬೆರಳುಗಳ ನಡುವೆ ಲಿಂಗಯ್ಯನು ಅಲುಗದೆ ಕುಳಿತನು. ಅಂದಿನ ಆ ಪೂಜೆಯಂಥ ಪೂಜೆಯನ್ನು ನಾನು ಅಪರೂಪವಾಗಿ ಕಂಡಿದ್ದೇನೆ.

ಇಲ್ಲಿ ಎರಡು ವಿವೇಕದ ಮಾತುಗಳು. ಆ ತಾಯಿಯು ಹಸಿಯ ಗಾಯಕ್ಕೆ ಭಸ್ಮವನ್ನು ಹಚ್ಚಲು ಹೊರಟಿದ್ದಳು, ನಾನು ತಡೆದೆನು. ವಿಭೂತಿಯು ಹಣೆಗೆ, ಗಾಯವು ವೈದ್ಯನಿಗೆ. ಶ್ರದ್ಧೆಯು ಹೋದ ಬೆರಳನ್ನು ಮೊಳೆಯಿಸುವುದಿಲ್ಲ. ಔಷಧವನ್ನು ತಪ್ಪದೆ ಸೇವಿಸುವ, ನೋವನ್ನು ತಾಳುವ, ನಾಳೆಯನ್ನು ಎದುರಿಸುವ ಬಲವನ್ನು ಮನಸ್ಸಿಗೆ ಕೊಡುತ್ತದೆ. ಶರಣರ ಮಾರ್ಗದಲ್ಲಿ ಗುಣವೆಂದರೆ ಇದೇ.

ಎರಡನೆಯದು: ದುಡಿಯುವಾಗ ಅಂಗಹೀನನಾದವನಿಗೆ ಪರಿಹಾರವು ಸಲ್ಲಬೇಕೆಂಬ ಕಾಯಿದೆಯು ನಮ್ಮ ದೇಶದಲ್ಲಿ 1923ರಲ್ಲಿಯೇ ಹುಟ್ಟಿತು. ಅದನ್ನು ಕೇಳಲು ಆ ತರುಣನು ನಾಚಿದನು. ನ್ಯಾಯವಾದುದನ್ನು ಕೇಳುವುದು ಭಿಕ್ಷೆಯಲ್ಲ. ದುಡಿಸಿಕೊಂಡವನು ಅದನ್ನು ಕೊಡುವುದು ದಾನವೂ ಅಲ್ಲ; ಅದು ಋಣವು. ಯಂತ್ರದ ಬಾಯಿಗೆ ಮುಚ್ಚಳ ಹಾಕಿಸದೆ ಜಾತ್ರೆಗೆ ಸಾವಿರ ರೂಪಾಯಿ ಕಾಣಿಕೆ ಕೊಡುವ ಯಜಮಾನನ ಭಕ್ತಿಯನ್ನು ಲಿಂಗವು ಒಪ್ಪುವುದೇ ಎಂದು ಅಂಥವರು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಮರುವರ್ಷದ ರಾಶಿಗೆ ಆ ತರುಣನು ಕಣಕ್ಕೆ ಮರಳಿದನು. ಈಗ ಚೀಲಗಳ ಲೆಕ್ಕವನ್ನು ಹಿಡಿಯುತ್ತಾನೆ. ಯಂತ್ರದ ಹತ್ತಿರ ಹೋಗುವ ಪ್ರತಿಯೊಬ್ಬನಿಗೂ ಮೊದಲು ತೋಳನ್ನು ಮೇಲೆ ಮಡಿಚಿಕೊಳ್ಳೆಂದು ಹೇಳುತ್ತಾನೆ. ಇದೂ ಅವನ ಕಾಯಕವೇ, ಇದೂ ದಾಸೋಹವೇ.

ದುಡಿಯುವ ಕೈಗಳೆಲ್ಲವನ್ನೂ ಲಿಂಗದೇವನು ಕಾಯಲಿ. ಕಾಯುವ ಎಚ್ಚರವನ್ನು ನಮಗೂ ಕರುಣಿಸಲಿ.

ಶಿವಾರ್ಪಣಮಸ್ತು.