ತೂಗುಮಣೆ ಯಾರದು?

ಹಿರೇನಲ್ಲೂರಿನ ನಮ್ಮ ಹಳೆಯ ಮನೆಯನ್ನು 2019ರಲ್ಲಿ ಮಾರಿದೆವು. ತಂದೆಯವರು ಹೋದಮೇಲೆ ಅಲ್ಲಿ ದೀಪ ಹಚ್ಚುವವರಿರಲಿಲ್ಲ. ಕೊಂಡವರು ಅದೇ ಊರಿನ ರೈತರು. ಕಡೂರಿನಲ್ಲಿ ನೋಂದಣಿಯಾಗುವ ಹೊತ್ತಿಗೆ ಬೆಲೆಯ ವಿಷಯದಲ್ಲಿ ಒಂದು ರೂಪಾಯಿಯ ಮನಸ್ತಾಪವೂ ಉಳಿದಿರಲಿಲ್ಲ. ಕೀಲಿಕೈ ಒಪ್ಪಿಸುವ ಹಿಂದಿನ ದಿನ ಅಣ್ಣ ಗೀಸರನ್ನೂ ಫ್ಯಾನುಗಳನ್ನೂ ಬಿಚ್ಚಿಸಿದ. ನಾನು ನಡುಮನೆಯ ತೂಗುಮಣೆಯನ್ನು ಕಳಚಿ ಆಟೋಗೆ ಹಾಕಿಸಿದೆ. ಬಚ್ಚಲ ಹಂಡೆ ಮಾತ್ರ ಉಳಿಯಿತು. ಒಲೆಯ ಕಟ್ಟೆ ಒಡೆಯದೆ ಅದು ಬರುವಂತಿರಲಿಲ್ಲ. ನಮ್ಮ ಔದಾರ್ಯಕ್ಕೆ ಗಾರೆಯೇ ಕಾರಣ!

ಮರುದಿನ ಬಂದವರು ತೊಲೆಯ ಬರಿಯ ಕೊಕ್ಕೆಗಳನ್ನು ನೋಡಿ, "ಮಣೆ ಎಲ್ಲಿ ಮೇಷ್ಟ್ರೇ?" ಎಂದರು.

"ಅದು ನಮ್ಮಜ್ಜನ ಕಾಲದ್ದು" ಎಂದೆ.

"ಮನೇನೂ ನಿಮ್ಮಜ್ಜನ ಕಾಲದ್ದೇ ಅಲ್ವಾ?"

ಆ ಮಾತಿನಲ್ಲಿ ಕುಹಕವಿರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ.

ಕಾನೂನು ಏನೆನ್ನುತ್ತದೆಂದು ಆಮೇಲೆ ನೋಡಿದೆ. ತಪ್ಪು ಮಾಡಿದ ಮೇಲೆ ಪುಸ್ತಕ ತೆರೆಯುವುದು ನಮ್ಮ ವೃತ್ತಿಯವರ ಅಭ್ಯಾಸ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 8ನೆಯ ಪ್ರಕರಣದಂತೆ, ಬೇರೆ ಮಾತು ಆಗಿರದಿದ್ದರೆ, ಮನೆಯೊಡನೆ ಅದರ ಬೀಗ, ಕೀಲಿಕೈ, ಅಗುಳಿ, ಬಾಗಿಲು, ಕಿಟಕಿಗಳೂ, ಅದರ ಶಾಶ್ವತ ಬಳಕೆಗೆಂದು ಒದಗಿಸಿದ ಉಳಿದ ವಸ್ತುಗಳೂ ಕೊಂಡವನಿಗೆ ಸೇರುತ್ತವೆ. ಬಾಡಿಗೆದಾರನಾದರೋ ತಾನು ಜೋಡಿಸಿದ್ದನ್ನು ಬಿಚ್ಚಿಕೊಂಡು, ಮನೆಯನ್ನು ಮೊದಲಿದ್ದಂತೆ ಬಿಟ್ಟು ಹೋಗಬಹುದು. ಮಾರುವವನಿಗೆ ಅಷ್ಟು ಸಲಿಗೆಯಿಲ್ಲ. ಫ್ರಿಜ್ಜು, ಮಿಕ್ಸರುಗಳ ಮಾತಿನಲ್ಲಿ ಸಂದೇಹವಿಲ್ಲ. ಜೋಡಿಸಿದ ವಸ್ತುವಿನ ವಿಷಯದಲ್ಲಿ ನ್ಯಾಯಾಲಯಗಳು ಎರಡನ್ನು ಕೇಳುತ್ತವೆ: ಅದು ಎಷ್ಟು ಭದ್ರವಾಗಿ ಅಂಟಿದೆ, ಯಾವ ಉದ್ದೇಶಕ್ಕಾಗಿ ಅಂಟಿಸಿದ್ದು. ಮೊದಲನೆಯದರಲ್ಲಿ ನಾನು ಗೆದ್ದೆ. ಮಣೆ ಐದು ನಿಮಿಷದಲ್ಲಿ ಕೊಕ್ಕೆಯಿಂದ ಕಳಚಿತ್ತು. ಎರಡನೆಯದು ಕಷ್ಟ. ಆ ಮನೆ ಕಟ್ಟುವಾಗಲೇ ತೂಗುಮಣೆಗೆಂದು ದಪ್ಪ ತೊಲೆಯನ್ನು ಆರಿಸಿ ಕೊಕ್ಕೆ ಹಾಕಿಸಿದ್ದರು. ಮಣೆ ಮನೆಗಾಗಿಯೋ, ಮನೆ ಮಣೆಗಾಗಿಯೋ ಹೇಳುವುದು ಹೇಗೆ?

ಆದರೆ ನನ್ನನ್ನು ಕಾಡುವುದು ಈ ಪ್ರಕರಣವಲ್ಲ. ಮನೆ ನೋಡಲು ಬಂದ ದಿನ ಅವರ ಮೊಮ್ಮಗಳು ಆ ಮಣೆಯ ಮೇಲೆ ಕುಳಿತಿದ್ದಳು. ತೂಗಿದವನು ನಾನೇ. "ಇಲ್ಲಿ ಕೂತರೆ ಹಿತ್ತಿಲ ಗಾಳಿ ನೇರವಾಗಿ ಬರುತ್ತೆ" ಎಂದು ಹೊಗಳಿದವನೂ ನಾನೇ. ತಂದೆಯವರು ಕಡೆಯ ದಿನಗಳ ಸಂಜೆಗಳನ್ನು ಕಳೆದದ್ದು ಅದರ ಮೇಲೆ. "ಇದೊಂದು ನಮಗೆ ಬೇಕು" ಎಂದಿದ್ದರೆ ಅವರು ಸಂತೋಷದಿಂದಲೇ ಒಪ್ಪುತ್ತಿದ್ದರು. ಹೇಳಲಿಲ್ಲ. ಹೇಳಿದರೆ ಬೆಲೆಯಲ್ಲಿ ಎರಡು ಸಾವಿರ ಇಳಿಸಿಯಾರೆಂಬ ಅಂಜಿಕೆ. ಪ್ರೀತಿಯಿಂದ ಒಯ್ದೆನೆಂದು ನಾನು ಹೇಳಿಕೊಳ್ಳುತ್ತಿರುವ ವಸ್ತುವಿನಲ್ಲಿ ಆ ಎರಡು ಸಾವಿರವೂ ಸೇರಿದೆ.

ಮಣೆ ಈಗ ನನ್ನ ಬಾಡಿಗೆಮನೆಯ ಗೋಡೆಗೆ ಒರಗಿ ನಿಂತಿದೆ. ತಾರಸಿಗೆ ಕೊಕ್ಕೆ ಹಾಕಲು ಮಾಲೀಕರು ಒಪ್ಪಿಲ್ಲ. ಈಚೆಗೆ ಊರಿಗೆ ಹೋದಾಗ ಹಳೆಯ ಮನೆಗೂ ಹೋದೆ. ಕೊಕ್ಕೆಗಳಿಗೆ ಬೀಜದ ಜೋಳದ ತೆನೆ ಕಟ್ಟಿದ್ದರು. "ಕಾಫಿ ಕುಡ್ಕೊಂಡು ಹೋಗಿ ಮೇಷ್ಟ್ರೇ" ಎಂದು ಕೂರಿಸಿದರು. ಬಚ್ಚಲಿನಲ್ಲಿ ನಮ್ಮ ಹಂಡೆಯ ನೀರು ಕಾಯುತ್ತಿತ್ತು.